ಆ ಮುದುಕನ ಸೂಪು, ಆಯಿಯ ತಂಬುಳಿ

ಶನಿವಾರ ರಾತ್ರಿ ಶಿರಸಿಯ ಮನೆಯಲ್ಲಿ ಆಯಿಯ ಜೊತೆ ಕೂತು ‘ಯಂಗ್ ಫ್ರಾಂಕೆನ್‌ಸ್ಟೈನ್’ ನೋಡಿದೆ. ಹಳೇ ಭೂತದ ಸಿನಿಮಾಗಳನ್ನು ಅಣಕಿಸಿ ಮೆಲ್ ಬ್ರೂಕ್ಸ್ 1974ರಲ್ಲಿ ಮಾಡಿದ್ದು. ಹಠ ಹಿಡಿದು ಕಪ್ಪು-ಬಿಳುಪಿನಲ್ಲೇ ತೆಗೆದಿದ್ದಾರೆ. 1931ರ ‘ಫ್ರಾಂಕೆನ್‌ಸ್ಟೈನ್’ನ ಪ್ರಯೋಗಶಾಲೆಯ ಸಾಮಾನುಗಳನ್ನೇ ಹುಡುಕಿ ತಂದು ಇಟ್ಟಿದ್ದಾರೆ. ಅಷ್ಟು ಪ್ರೀತಿ ಇದ್ದವರಿಗೇ ಹೀಗೆ ಅಣಕಿಸಲು ಬರುವುದು, ಅಲ್ವಾ?

ಭಾವ ಹತ್ತು ನಿಮಿಷಕ್ಕೇ ಎದ್ದು ಹೋದರು. ಒಳ್ಳೆಯ ಮನುಷ್ಯ, ಆದರೆ ಎಲ್ಲೂ ಸಮಾಧಾನವಾಗಿ ಕೂರುವುದಿಲ್ಲ. ಆಯಿಗೆ ಇಂಗ್ಲಿಷ್ ಬಾರದು, ಕಣ್ಣಿಗೆ ಪೊರೆ ಬೇರೆ. ಕುರ್ಚಿಯನ್ನು ಟಿವಿ ಹತ್ತಿರ ಎಳೆದುಕೊಂಡು ಕೂತಿದ್ದಳು.

ಕಾಡಿನ ಗುಡಿಸಲಲ್ಲಿ ಒಬ್ಬ ಕುರುಡ ಮುದುಕ. ಯಾರಾದರೂ ಜೊತೆಗೆ ಬರಲಿ ಎಂದು ದೇವರನ್ನು ಬೇಡುತ್ತಿರುತ್ತಾನೆ. ವಿಜ್ಞಾನಿಯೊಬ್ಬ ಹೆಣಕ್ಕೆ ಜೀವ ಕೊಟ್ಟು ಎಬ್ಬಿಸಿದ ದೈತ್ಯ ಬಾಗಿಲು ಮುರಿದುಕೊಂಡು ಬರುತ್ತಾನೆ. ಮುದುಕನಿಗೆ ಎಲ್ಲಿಲ್ಲದ ಖುಷಿ. ಸೌಟು ತುಂಬ ಬಿಸಿ ಸೂಪು ಬಡಿಸುತ್ತಾನೆ, ಬಂದವನ ತೊಡೆಯ ಮೇಲೆ! ಚುಟ್ಟಾ ಹಚ್ಚಲು ಹೋಗಿ ಅವನ ಹೆಬ್ಬೆರಳಿಗೇ ಬೆಂಕಿ ಕೊಡುತ್ತಾನೆ. 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ನಲ್ಲೂ ಇಂಥದೇ ಕುರುಡ ಇದ್ದಾನೆ. ಅವನು ಪಿಟೀಲು ನುಡಿಸುತ್ತಾನೆ, ಹೊಟ್ಟೆಗೆ ಹಾಕಿ ಮಾತೂ ಕಲಿಸುತ್ತಾನೆ. ಅಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಇಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಯಿಯೂ ನಕ್ಕಳು. ಆಮೇಲೆ, “ಪಾಪ, ಹಸಿದು ಬಂದವಂಗೆ ಒಂದು ತುತ್ತೂ ಸಿಕ್ಕಿದ್ದಿಲ್ಲೆ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆ ಮುದುಕಂಗೆ ಅದು ಗೊತ್ತೇ ಇಲ್ಲೆ, ನೋಡು.”

ಗೊತ್ತೇ ಇಲ್ಲೆ. ಈ ಮಾತು ವಾರವಿಡೀ ಕಿವಿಯಲ್ಲಿದೆ. ಕಾಡಿನಲ್ಲಿ ಒಂಟಿಯಾಗಿದ್ದವನಿಗೆ ಬಡಿಸಲು ಒಬ್ಬರು ಸಿಕ್ಕಿದ್ದೇ ಹಬ್ಬ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಈಗ ಇಬ್ಬರೇ ಮುದುಕರು, ಸುತ್ತ ಅಡಿಕೆ ತೋಟ. ಮಕ್ಕಳು ಬೆಂಗಳೂರಿನಿಂದ ಬಂದ ದಿನ ಅಡುಗೆಮನೆಯಲ್ಲಿ ಎಷ್ಟು ಗಡಿಬಿಡಿ! ಸಾರಿಗೆ ಎರಡು ಸಲ ಉಪ್ಪು ಬಿದ್ದಿರುತ್ತದೆ. ನಾವು ಸುಮ್ನೆ ಉಣ್ಣುತ್ತೇವೆ. ಹಾಗೆ ಉಣ್ಣುವುದು ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ.

ಆಪರೇಷನ್ ಅಂದರೆ ಆಯಿ ಇನ್ನೂ ಒಪ್ಪುತ್ತಿಲ್ಲ. ಭಾನುವಾರ ಮಧ್ಯಾಹ್ನ ಒಂದೆಲಗದ ತಂಬುಳಿ ಬಡಿಸಿದಳು. ಅರ್ಧ ಅನ್ನದ ಮೇಲೆ ಬಿತ್ತು, ಅರ್ಧ ನೆಲಕ್ಕೆ. ಹಸಿರು ನೀರು ಮಣೆಯ ಕೆಳಗೆ ಹರಿಯಿತು.

“ಸಾಕಾ?” ಅಂದಳು.

ತಟ್ಟೆಯನ್ನು ಮೆಲ್ಲಗೆ ಸೌಟಿನ ಕೆಳಗೆ ಸರಿಸಿದೆ. “ಇನ್ನೊಂದು ಸೌಟು ಹಾಕು ಆಯಿ.”