ಅಂಜುವ ಮನಸ್ಸಿಗೂ ಒಂದು ಕೆಲಸ

ಕೆಲವು ಮಕ್ಕಳಿಗೆ ಬಹಳ ಚಿಕ್ಕ ವಯಸ್ಸಿನಲ್ಲೇ ಒಂದು ಹೆಸರು ಅಂಟಿಕೊಂಡುಬಿಡುತ್ತದೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ನನಗೆ ಅಂಟಿಕೊಂಡದ್ದು ‘ಪುಕ್ಕಲಿ’ ಎಂಬ ಹೆಸರು. ಮಳೆಗಾಲದಲ್ಲಿ ಹಳ್ಳ ದಾಟುವ ಮೊದಲು ಸಂಕ ಗಟ್ಟಿಯಿದೆಯೇ ಎಂದು ಕೇಳುತ್ತಿದ್ದೆ. ಬೆಳಗಿನ ಬಸ್ಸು ಬಾರದಿದ್ದರೆ ಪರೀಕ್ಷೆಗೆ ಹೋಗುವುದು ಹೇಗೆಂದು ಹಿಂದಿನ ರಾತ್ರಿಯೇ ಕೇಳುತ್ತಿದ್ದೆ. ದೊಡ್ಡವರು ನಗುತ್ತಿದ್ದರು, ಇಲ್ಲವೇ ಗದರುತ್ತಿದ್ದರು. ಆ ಪ್ರಶ್ನೆಗಳಲ್ಲಿ ಹೆಚ್ಚಿನವು ಯಾರಾದರೂ ಕೇಳಲೇಬೇಕಾದವು ಎಂಬುದು ನಮ್ಮ ಚಿಕ್ಕಪ್ಪಯ್ಯನೊಬ್ಬರಿಗೆ ಮಾತ್ರ ಹೊಳೆದಿತ್ತು.

ಅದಕ್ಕೆ ಕಾರಣವೂ ಇತ್ತು. ಚಿಕ್ಕಪ್ಪಯ್ಯನೂ ಅಂಜುವ ಸ್ವಭಾವದವರೇ, ಮತ್ತು ಅವರು ನೋಡಿಕೊಳ್ಳುತ್ತಿದ್ದ ಅಡಿಕೆ ತೋಟಕ್ಕೆ ಅಂಥವರೇ ಬೇಕಾಗಿತ್ತು. ಮಲೆನಾಡಿನ ಬೆಳೆಗಾರರಿಗೆ ಕೊಳೆರೋಗದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಡದೆ ಸುರಿಯುವ ಮಳೆಯಲ್ಲಿ, ಬಿಸಿಲು ಕಾಣದ ತೇವದಲ್ಲಿ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಎಳೆಯ ಕಾಯಿಗಳಿಗೆ ಹತ್ತಿಕೊಳ್ಳುತ್ತದೆ. ಮರದ ಬುಡದಲ್ಲಿ ಕಾಯಿ ಉದುರಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಒಂದು ಅಡಿಕೆಗೊನೆಯಿಂದ ಇನ್ನೊಂದಕ್ಕೆ ದಾಟಿರುತ್ತದೆ. ಕೆನಡಾದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಈ ರೋಗವನ್ನು ಅಭ್ಯಾಸ ಮಾಡಿ ಬಳಕೆಗೆ ತಂದ ಬೋರ್ಡೋ ದ್ರಾವಣವನ್ನೇ ಇಂದಿಗೂ ಸಿಂಪಡಿಸುತ್ತಾರೆ. ಆದರೆ ಅದು ಬಂದ ರೋಗವನ್ನು ವಾಸಿ ಮಾಡುವ ಔಷಧಿಯಲ್ಲ, ಬರುವ ರೋಗಕ್ಕೆ ಹಾಕುವ ತಡೆ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು 40ರಿಂದ 45 ದಿನಗಳ ನಂತರ, ಮಳೆ ಹೊಳವಾದ ಹೊತ್ತು ನೋಡಿ. ಆಕಾಶ ನಿರ್ಮಲವಾಗಿರುವ ಮೇ ತಿಂಗಳಲ್ಲಿ ಜುಲೈ ತಿಂಗಳ ಹಾನಿಯನ್ನು ಕಣ್ಣಮುಂದೆ ತಂದುಕೊಂಡು ಹೆದರಬಲ್ಲವನೇ ಸಕಾಲದಲ್ಲಿ, ಮರ ಹತ್ತಿ ಸಿಂಪಡಿಸುವ ಕೊನೆಗಾರನಿಗೆ ಹೇಳಿಕಳಿಸುತ್ತಾನೆ.

ದ್ರಾವಣ ತಯಾರಿಸುವ ದಿನ ಚಿಕ್ಕಪ್ಪಯ್ಯ ನನ್ನನ್ನು ತಪ್ಪದೆ ಕರೆಯುತ್ತಿದ್ದರು. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯುತ್ತ ಮರದ ಕೋಲಿನಿಂದ ತಿರುವುತ್ತಿದ್ದರು. ಬಾನಿನ ನೀಲಿ ಬಣ್ಣ ಬಂದ ಮೇಲೆ ಚೆನ್ನಾಗಿ ತಿಕ್ಕಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು, ಅದನ್ನು ನನ್ನ ಕೈಗೆ ಕೊಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಳೆಗಾಯಿ ಸುಟ್ಟಂತಾಗುತ್ತದೆ. “ನೀನೇ ಸರಿಯಾಗಿ ನೋಡಿ ಹೇಳು ಮಗಾ, ಇವರಿಗೆಲ್ಲ ಪುರುಸೊತ್ತಿಲ್ಲ,” ಎನ್ನುತ್ತಿದ್ದರು. ನಾನು ಬೆಳಕಿಗೆ ಹಿಡಿದು, ಮಗುಚಿ, ಮತ್ತೆ ಹಿಡಿದು ನೋಡುತ್ತಿದ್ದೆ. ಬೇರೆ ಕಡೆ ಬೈಗುಳ ತರುತ್ತಿದ್ದ ಆ ಅನುಮಾನ ಅಲ್ಲಿ ಒಂದು ಜವಾಬ್ದಾರಿಯಾಗಿತ್ತು.

ಸ್ವಭಾವವನ್ನು ಬದಲಾಯಿಸಿಕೊಂಡರೆ ಮಾತ್ರ ಉದ್ಧಾರ ಎಂದು ನಂಬಿಸುವವರ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಅಮೆರಿಕದ ಮನೋವಿಜ್ಞಾನಿಗಳಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ 2004ರಲ್ಲಿ ಮನುಷ್ಯನ 24 ಸದ್ಗುಣಗಳನ್ನು ಪಟ್ಟಿ ಮಾಡಿದಾಗ ಧೈರ್ಯ, ನಾಯಕತ್ವಗಳ ಜೊತೆಗೆ ಮುಂದಾಲೋಚನೆಗೂ ಸ್ಥಾನ ಕೊಟ್ಟರು. ಅಂಜಿಕೆಯೇ ಮುಂದಾಲೋಚನೆಯಲ್ಲ, ನಿಜ. ಆದರೆ ಎರಡರ ಬೇರೂ ಒಂದೇ ಎಂಬುದು ನನ್ನ ನಂಬಿಕೆ: ಇನ್ನೂ ಆಗದೆ ಇರುವುದನ್ನು ವಿವರವಾಗಿ ಊಹಿಸಿಕೊಳ್ಳುವ ಶಕ್ತಿ. ಆ ಊಹೆಗೆ ದಿನಾಂಕ, ಅಳತೆ, ಮಾಡಬೇಕಾದ ಕೆಲಸ ಇವು ಸಿಕ್ಕಿದರೆ ಅದು ತೋಟ ಉಳಿಸುತ್ತದೆ. ಸಿಗದಿದ್ದರೆ ರಾತ್ರಿಯಿಡೀ ತಲೆಯಲ್ಲಿ ಸುತ್ತುತ್ತಿರುತ್ತದೆ.

ಈಗ ನಾನು ಶಿವಮೊಗ್ಗದ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿದ್ದೇನೆ. ಕರೆಂಟು ಹೋದರೆ ಯಾವ ಕೊಠಡಿಗೆ ಬೆಳಕು ಸಾಲದು, ಆಗುಂಬೆ ಕಡೆಯ ಬಸ್ಸು ತಡವಾದರೆ ಯಾರು ಯಾರು ಸಿಕ್ಕಿಬೀಳುತ್ತಾರೆ, ಉತ್ತರ ಪತ್ರಿಕೆಯ ಕಟ್ಟು ನೆನೆಯದ ಜಾಗ ಯಾವುದು ಎಂಬ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಮಾಡುವವರ ಹೆಸರನ್ನೂ ಸಮಯವನ್ನೂ ಬರೆಯುತ್ತೇನೆ. ಎದುರಿಗೆ ಬರೆಯಲು ಏನೂ ಇಲ್ಲದ ಪ್ರಶ್ನೆಯನ್ನು ಹೊಡೆದುಹಾಕುತ್ತೇನೆ. ಈ ಹೊಡೆದುಹಾಕುವುದನ್ನು ಕಲಿಯುವುದೇ ಕಷ್ಟ. ಚಿಕ್ಕಪ್ಪಯ್ಯನಿಗೆ ಅದು ಸಿದ್ಧಿಸಿತ್ತು. ಎರಡನೆಯ ಸಿಂಪಡಣೆ ಮುಗಿದ ಸಂಜೆ, ಮಳೆ ಎಷ್ಟೇ ಜಡಿಯುತ್ತಿದ್ದರೂ, ತೋಟದ ಸುದ್ದಿ ಎತ್ತದೆ ಕೊಡೆ ಹಿಡಿದು ತಾಳಮದ್ದಳೆಗೆ ಹೊರಟುಬಿಡುತ್ತಿದ್ದರು.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಊಟ ಸೇರದ, ನಿದ್ದೆ ಬಾರದ, ಎದೆ ಹೊಡೆದುಕೊಳ್ಳುವ ಆತಂಕವನ್ನು ಗುಣವೆಂದು ಹೊಗಳುತ್ತ ಕೂರುವುದು ಕ್ರೌರ್ಯ. ಅದಕ್ಕೆ ವೈದ್ಯರ ನೆರವು ಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ನಾನು ಹೇಳುತ್ತಿರುವುದು ಆರೋಗ್ಯವಾಗಿದ್ದೂ ಬರೀ ಪ್ರಶ್ನೆ ಕೇಳಿದ್ದಕ್ಕಾಗಿ ಹೆಸರಿಟ್ಟು ಮೂಲೆಗೆ ತಳ್ಳಲಾದ ಮಕ್ಕಳ ಬಗ್ಗೆ.

ಅಣ್ಣನ ಮಗಳು ಅಂಥವಳೇ. ಶಾಲೆಯಿಂದ ಕವಲೇದುರ್ಗಕ್ಕೆ ಪ್ರವಾಸ ಗೊತ್ತಾದಾಗ, ಕೋಟೆ ಹತ್ತುವಾಗ ಯಾರಿಗಾದರೂ ಕಾಲು ಉಳುಕಿದರೆ ಏನು ಮಾಡುವುದೆಂದು ತರಗತಿಯಲ್ಲಿ ಕೇಳಿ ನಗೆಗೀಡಾದಳು. ಮನೆಗೆ ಬಂದು ಮುಖ ಸಪ್ಪೆ ಮಾಡಿಕೊಂಡು ಕೂತವಳ ಹತ್ತಿರ, “ಹಂಗಾರೆ ಏನೇನು ಬೇಕು, ನೀನೇ ಹೇಳು ನೋಡಣ,” ಎಂದೆ. ಬಿಗಿಪಟ್ಟಿ, ಒಂದು ಬಾಟಲಿ ನೀರು ಹೆಚ್ಚಿಗೆ, ಕೆಳಗೆ ಬಸ್ಸಿನ ಹತ್ತಿರ ಇರುವವರ ಫೋನ್ ನಂಬರು ಎಂದು ಒಂದೊಂದಾಗಿ ಹೇಳುತ್ತ, ಕೊನೆಗೆ ತಾನೇ ಪೆನ್ನು ತೆಗೆದುಕೊಂಡಳು. ಮರುದಿನ ಆ ಹಾಳೆಯನ್ನು ಓದಿದ ಮೇಷ್ಟ್ರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಹೊಣೆಯನ್ನು ಅವಳಿಗೇ ವಹಿಸಿದರಂತೆ.