ಇಂಟೇಕ್ ಬದಲಾಯಿಸಿದಿರಿ, ಬ್ರೀದರ್ ಹೋಸ್ ಎಲ್ಲಿಗೆ ಕೊಟ್ಟಿರಿ?

14 ಜೂನ್ 2025, ಶನಿವಾರ

ತಮ್ಮನ ಕಾರಿಗೆ ಹೊಸ ಇಂಟೇಕ್ ಕಿಟ್ (ಎಂಜಿನ್ನಿಗೆ ಗಾಳಿ ಹೋಗುವ ಪೈಪ್ ಮತ್ತು ಫಿಲ್ಟರ್) ಹಾಕುವ ಕೆಲಸ ಇವತ್ತು ಮುಗಿಯಿತು. ಹಳೇ ಏರ್ ಫಿಲ್ಟರ್ ಡಬ್ಬಿ ಬಿಚ್ಚುವುದು, ಅಲ್ಯೂಮಿನಿಯಂ ಪೈಪ್ ಕೂರಿಸುವುದು, ತುದಿಗೆ ಕೋನ್ ಫಿಲ್ಟರ್ ಬಿಗಿಯುವುದು, ಇದೆಲ್ಲ ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಮಾಡಬಹುದು. ಹೊತ್ತು ಹಿಡಿದದ್ದು ಗೇಣುದ್ದದ ಒಂದು ರಬ್ಬರ್ ಹೋಸ್. ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್‌ನಿಂದ ಹೊರಟು ಹಳೇ ಇಂಟೇಕ್ ಪೈಪಿಗೆ ಸೇರುತ್ತಿದ್ದ ಬ್ರೀದರ್ ಹೋಸ್ ಅದು. ಹೊಸ ಪೈಪಿನಲ್ಲಿ ಅದನ್ನು ಸಿಕ್ಕಿಸಲು ಮೂತಿಯೇ ಇಲ್ಲ. ಬದಲಿಗೆ ಕಿಟ್ ಜೊತೆ ಒಂದು ಪುಟ್ಟ ಫಿಲ್ಟರ್ ಕೊಟ್ಟಿದ್ದಾರೆ. ಹೋಸ್ ಕಿತ್ತು ಬಿಸಾಕಿ, ಟ್ಯಾಪೆಟ್ ಕವರ್ ಮೇಲೆ ಇದನ್ನು ಹಾಕಿ ಅಂತ ಚೀಟಿಯಲ್ಲಿ ಚಿತ್ರವೂ ಇದೆ.

"ಅಣ್ಣಾ, ಇದು ಹೊಗೆ ಹೊರಗೆ ಬಿಡೋ ಪೈಪ್ ತಾನೆ? ಫಿಲ್ಟರ್ ಹಾಕಿಬಿಟ್ರೆ ಆಯ್ತಲ್ವಾ?" ಅಂದ ತಮ್ಮ.

ಬಹಳ ಜನ ಹೀಗೇ ತಿಳಿದುಕೊಂಡಿದ್ದಾರೆ, ಅದಕ್ಕೇ ಇವತ್ತು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಂಜಿನ್ ಎಷ್ಟೇ ಹೊಸದಿರಲಿ, ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ಇರುವ ಎಂಜಿನ್ ಹೊಟ್ಟೆಗೆ, ಇಳಿದೇ ಇಳಿಯುತ್ತದೆ. ಬ್ಲೋ-ಬೈ ಅನ್ನುವುದು ಇದಕ್ಕೇ. ಅದರಲ್ಲಿ ಉರಿಯದ ಪೆಟ್ರೋಲ್, ಉರಿದ ಹೊಗೆ, ನೀರಿನ ಆವಿ ಎಲ್ಲ ಇರುತ್ತದೆ, ಹೊರಗೆ ಬರುವಾಗ ಆಯಿಲ್‌ನ ಸಣ್ಣ ಹನಿಗಳನ್ನೂ ಎಳೆದು ತರುತ್ತದೆ. ಒಳಗೇ ಉಳಿದರೆ ಆಯಿಲ್ ಕೆಟ್ಟು ಕೆಸರಾಗುತ್ತದೆ. ದಾರಿ ಮುಚ್ಚಿದರೆ ಒತ್ತಡ ಏರಿ ಸೀಲ್‌ಗಳಿಂದ ಆಯಿಲ್ ಸೋರುತ್ತದೆ, ಡಿಪ್‌ಸ್ಟಿಕ್ ಮೇಲೆದ್ದು ಬರುವುದೂ ಉಂಟು. ಹಿಂದಿನ ಕಾಲದಲ್ಲಿ ಇದನ್ನು ಒಂದು ಪೈಪಿನಲ್ಲಿ ಸುಮ್ನೆ ಕಾರಿನ ಅಡಿಗೆ ಬಿಟ್ಟುಬಿಡುತ್ತಿದ್ದರು. 1961ರಲ್ಲಿ ಕ್ಯಾಲಿಫೋರ್ನಿಯಾ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್), ಅಂದರೆ ಈ ಗ್ಯಾಸನ್ನು ಬಯಲಿಗೆ ಬಿಡದೆ ಮತ್ತೆ ಎಂಜಿನ್ನಿಗೇ ಕೊಟ್ಟು ಉರಿಸುವ ವ್ಯವಸ್ಥೆ, ಕಡ್ಡಾಯ ಮಾಡುವ ತೀರ್ಮಾನಕ್ಕೆ ಬಂತು. ಅಮೆರಿಕದಲ್ಲಿ ಕಾರಿನ ಮಾಲಿನ್ಯ ತಡೆಯಲು ಕಡ್ಡಾಯವಾದ ಮೊದಲ ಸಾಧನ ಅದು. ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ಬಂದದ್ದು ಆಮೇಲೆ.

ಪಿಸಿವಿಗೆ ಎರಡು ದಾರಿ ಇವೆ. ಒಂದು, ಪಿಸಿವಿ ವಾಲ್ವ್ ಮೂಲಕ ಇಂಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ. ಐಡ್ಲಿಂಗ್‌ನಲ್ಲಿ, ನಿಧಾನಕ್ಕೆ ಓಡಿಸುವಾಗ ಮ್ಯಾನಿಫೋಲ್ಡಿನಲ್ಲಿ ಜೋರು ವ್ಯಾಕ್ಯೂಮ್ ಇರುತ್ತದಲ್ಲ, ಅದು ಕ್ರ್ಯಾಂಕ್‌ಕೇಸಿನ ಗ್ಯಾಸನ್ನು ಎಳೆದುಕೊಂಡು ಮತ್ತೆ ಉರಿಸುತ್ತದೆ. ಇನ್ನೊಂದು ದಾರಿ ಈ ಬ್ರೀದರ್ ಹೋಸ್. ಅಲ್ಲಿಂದ ಗ್ಯಾಸ್ ಎಳೆದ ಜಾಗಕ್ಕೆ ಇಲ್ಲಿಂದ ಒಳ್ಳೇ ಗಾಳಿ ಒಳಗೆ ಬರಬೇಕು. ಅಂದರೆ ಹೆಚ್ಚಿನ ಹೊತ್ತು ಈ ಹೋಸಿನಲ್ಲಿ ಗಾಳಿ ಎಂಜಿನ್ನಿನ ಕಡೆಗೆ ಹೋಗುತ್ತಿರುತ್ತದೆ, ಹೊರಗೆ ಬರುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಉಲ್ಟಾ ಆಗುತ್ತದೆ. ಆಗ ವ್ಯಾಕ್ಯೂಮ್ ಬಿದ್ದು ಹೋಗುತ್ತದೆ, ಬ್ಲೋ-ಬೈ ಜಾಸ್ತಿ ಇರುತ್ತದೆ, ವಾಲ್ವ್ ಕಡೆಯಿಂದ ಹೋಗಲಾಗದೆ ಮಿಕ್ಕ ಗ್ಯಾಸ್ ಇದೇ ಹೋಸಿನಲ್ಲಿ ಹಿಂದಕ್ಕೆ ಬಂದು ಇಂಟೇಕ್ ಪೈಪ್ ಸೇರಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿ ಬಾಗಿಲು) ಮೂಲಕ ಒಳಗೆ ಹೋಗುತ್ತದೆ.

ಈಗ ಆ ಪುಟ್ಟ ಫಿಲ್ಟರ್ ಹಾಕಿದರೆ ಏನಾಗುತ್ತದೆ ನೋಡಿ. ತಮ್ಮನ ಕಾರಿನಲ್ಲಿ ಮಾಸ್ ಏರ್ ಫ್ಲೋ ಸೆನ್ಸರ್ ಇದೆ, ಏರ್ ಫಿಲ್ಟರ್ ಆದ ಕೂಡಲೇ. ಅದನ್ನು ದಾಟಿದ ಗಾಳಿಯನ್ನಷ್ಟೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕಕ್ಕೆ ಹಿಡಿದು ಪೆಟ್ರೋಲ್ ಬಿಡುತ್ತದೆ. ಬ್ರೀದರ್ ಹೋಸ್ ಹಳೇ ಪೈಪಿನಲ್ಲಿ ಸೆನ್ಸರ್ ಆದಮೇಲೆ ಸೇರುತ್ತಿದ್ದದ್ದು ಅದಕ್ಕೇ. ಎಂಜಿನ್ ಆ ಕಡೆಯಿಂದ ಎಳೆಯುವ ಗಾಳಿಯೂ ಆಗಲೇ ಲೆಕ್ಕಕ್ಕೆ ಸಿಕ್ಕಿರುತ್ತದೆ. ಫಿಲ್ಟರ್ ಹಾಕಿ ಬಯಲಿಗೆ ಬಿಟ್ಟರೆ ಅಲ್ಲಿಂದ ಒಳಗೆ ಬರುವ ಗಾಳಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ.

ಬಾಯಲ್ಲಿ ಹೇಳಿದರೆ ತಮ್ಮ ನಂಬುವವನಲ್ಲ. ಸರಿ, ತೋರಿಸೋಣ ಅಂತ ಅದೇ ಫಿಲ್ಟರ್ ಹಾಕಿ, ಎಂಜಿನ್ ಬಿಸಿ ಮಾಡಿ, ಸ್ಕ್ಯಾನರ್ ಚುಚ್ಚಿದೆ. ಬಿಚ್ಚುವ ಮುಂಚೆ ಐಡ್ಲಿಂಗ್‌ನಲ್ಲಿ ಫ್ಯುಯೆಲ್ ಟ್ರಿಮ್ (ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲನ್ನು ಇಸಿಯು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ಪ್ಲಸ್ 2ರ ಆಸುಪಾಸು ಇತ್ತು. ಈಗ ಶಾರ್ಟ್ ಟರ್ಮ್ ಟ್ರಿಮ್, ಅಂದರೆ ಆ ಕ್ಷಣದ ತಿದ್ದುಪಡಿ, ನಿಧಾನವಾಗಿ ಏರುತ್ತಾ ಪ್ಲಸ್ 11ಕ್ಕೆ ಹೋಗಿ ಅಲ್ಲೇ ಆಡತೊಡಗಿತು. 2500 ಆರ್‌ಪಿಎಂಗೆ ಏರಿಸಿದರೆ 4ಕ್ಕೆ ಇಳಿಯಿತು, ಬಿಟ್ಟರೆ ಮತ್ತೆ 11. ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುವಾಗ ಹೀಗೇ ಕಾಣುವುದು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ, ಅದರಲ್ಲಿ ಈ ಕಳ್ಳ ಗಾಳಿಯ ಪಾಲು ದೊಡ್ಡದು. ರೇಸ್ ಮಾಡಿದರೆ ಪಾಲು ಚಿಕ್ಕದಾಗುತ್ತದೆ. ಹೀಗೇ ದಿನಗಟ್ಟಲೆ ಓಡಿಸಿ, ಇಸಿಯು ನೆನಪಿಟ್ಟುಕೊಳ್ಳುವ ಲಾಂಗ್ ಟರ್ಮ್ ಟ್ರಿಮ್ ಕೂಡ ಮೇಲೆ ಹತ್ತಿದರೆ ಒಂದು ದಿನ ಚೆಕ್ ಎಂಜಿನ್ ಲೈಟ್ ಬಂದು ಪಿ0171 ಕೋಡ್ (ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂಬ ದೂರು) ಕೂರುತ್ತದೆ. ಆಗ ಜನ ಆಕ್ಸಿಜನ್ ಸೆನ್ಸರ್ ಬದಲಾಯಿಸುತ್ತಾರೆ, ಇಂಜೆಕ್ಟರ್ ಕ್ಲೀನ್ ಮಾಡಿಸುತ್ತಾರೆ. ಬ್ರೀದರ್ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ.

ಮಾಸ್ ಏರ್ ಫ್ಲೋ ಇಲ್ಲದೆ ಬರೀ ಮ್ಯಾಪ್ ಸೆನ್ಸರ್ ಇರುವ ಎಂಜಿನ್‌ನಲ್ಲಿ ಈ ಲೆಕ್ಕದ ತೊಂದರೆ ಬರುವುದಿಲ್ಲ, ಅದು ಮ್ಯಾನಿಫೋಲ್ಡಿನ ಒತ್ತಡ ಅಳೆಯುತ್ತದೆ, ಗಾಳಿ ಎಲ್ಲಿಂದ ಬಂದರೂ ಗೊತ್ತಾಗುತ್ತದೆ. ಆದರೂ ಪುಟ್ಟ ಫಿಲ್ಟರ್ ನನಗೆ ಬೇಡ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗೆಲ್ಲ ಅದರಿಂದ ಆಯಿಲ್ ಹಬೆ ಹೊರಗೆ ಬಂದು ಟ್ಯಾಪೆಟ್ ಕವರ್ ಮೇಲೆ ಜಿಡ್ಡು ಕೂರುತ್ತದೆ, ಎಸಿ ಹಾಕಿದರೆ ಆ ವಾಸನೆ ಕಾರಿನೊಳಗೆ ಬರುತ್ತದೆ. ರಸ್ತೆ ಮೇಲೆ ಓಡುವ ಕಾರಿನ ಕ್ರ್ಯಾಂಕ್‌ಕೇಸ್ ಗ್ಯಾಸ್ ಬಯಲಿಗೆ ಬಿಡುವುದನ್ನು ಬಹಳ ದೇಶಗಳ ಕಾನೂನೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಉಸಿರಾಡುವ ಗಾಳಿಗೆ ಅದನ್ನು ಬಿಡುವ ಹಕ್ಕು ಯಾರಿಗೂ ಇಲ್ಲ.

ಸರಿ, ಪೈಪಿಗೆ ಮೂತಿ ಮಾಡಲೇಬೇಕು. ಹಳೇ ಪೈಪಿನ ಮೂತಿಗೆ ವರ್ನಿಯರ್ ಇಟ್ಟು ನೋಡಿದೆ, ಹೊರ ಅಳತೆ 19 ಮಿ.ಮೀ. ಹೊಸದೂ ಅಷ್ಟೇ ಇರಬೇಕು. ಸಿಕ್ಕಿದ ಯಾವುದೋ ಸಣ್ಣ ಮೂತಿ ಹಾಕಿ ರೆಡ್ಯೂಸರ್ ಕೊಡುವವರಿದ್ದಾರೆ. ಅಡ್ಡಳತೆ ಅರ್ಧ ಆದರೆ ದಾರಿ ಕಾಲು ಭಾಗಕ್ಕೆ ಇಳಿಯುತ್ತದೆ, ಬ್ಲೋ-ಬೈ ಜಾಸ್ತಿ ಇರುವ ಹೊತ್ತಿನಲ್ಲೇ ಕ್ರ್ಯಾಂಕ್‌ಕೇಸ್ ಕಟ್ಟಿಕೊಳ್ಳುತ್ತದೆ. ಜಾಗ ಗುರುತು ಮಾಡಿದ್ದು ಸೆನ್ಸರ್ ಆದಮೇಲೆ, ಥ್ರಾಟಲ್ ಬಾಡಿಗಿಂತ ಮುಂಚೆ. ಸೆನ್ಸರ್‌ಗೆ ತೀರಾ ಹತ್ತಿರ ಕೊಡಲಿಲ್ಲ, ಯಾಕಂದ್ರೆ ಎಂಜಿನ್ ಆಫ್ ಮಾಡಿದ ಮೇಲೆ ಬಿಸಿ ಹಬೆ ಆ ಕಡೆ ಹರಡಿ ಸೆನ್ಸರ್ ತಂತಿಗೆ ಆಯಿಲ್ ಪದರ ಕೂರಬಾರದು.

ತೂತು ಕೊರೆಯುವ ಮುಂಚೆ ಪೈಪನ್ನು ಕಾರಿನಿಂದ ಪೂರ್ತಿ ಹೊರಗೆ ತೆಗೆದೆ. ಅಲ್ಲೇ ಇಟ್ಟುಕೊಂಡು ಕೊರೆದರೆ ಅಲ್ಯೂಮಿನಿಯಂ ಚೂರು ಸೀದಾ ಥ್ರಾಟಲ್ ಒಳಗೆ. ನಟ್ ಹಾಕಿ ಬಿಗಿಯುವ ಮೂತಿಯೂ ಸಿಗುತ್ತದೆ, ಆದರೆ ಆ ನಟ್ ಪೈಪಿನ ಒಳಗೆ ಇರುತ್ತದೆ, ಎಂದಾದರೂ ಸಡಿಲವಾದರೆ ಎಂಜಿನ್ ಅದನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಅಲ್ಯೂಮಿನಿಯಂ ತುಂಡು ವೆಲ್ಡ್ ಮಾಡಿಸಿದೆ. ವೆಲ್ಡ್ ಆದಮೇಲೆ ಒಳಗೆ ಬೆರಳು ಆಡಿಸಿದರೆ ಒಂದು ಕಡೆ ಅಂಚು ಕೈಗೆ ಚುಚ್ಚುತ್ತಿತ್ತು, ಅರದಿಂದ ಉಜ್ಜಿ, ನೀರಲ್ಲಿ ತೊಳೆದು, ಬಿಳೀ ಬಟ್ಟೆ ತೂರಿಸಿ ಎಳೆದೆ. ಬಟ್ಟೆಯಲ್ಲಿ ಇನ್ನೂ ಮಿಣಮಿಣ ಪುಡಿ ಬರುತ್ತಿತ್ತು. ಅದು ಪೂರ್ತಿ ನಿಲ್ಲುವ ತನಕ ತೊಳೆದೆ.

ಹೋಸ್ ಬಗ್ಗೆ ಒಂದು ಮಾತು. ರೇಡಿಯೇಟರ್ ಹೋಸ್ ತುಂಡು ಹಾಕಬೇಡಿ. ಅದು ಸಾಮಾನ್ಯವಾಗಿ ಇಪಿಡಿಎಂ ರಬ್ಬರ್, ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಬಣ್ಣಬಣ್ಣದ ಸಾದಾ ಸಿಲಿಕಾನ್ ಹೋಸ್ ಕೂಡ ಆಯಿಲ್‌ಗೆ ಆಗಿಬರುವುದಿಲ್ಲ, ಒಳಗೆ ಫ್ಲೋರೋಸಿಲಿಕಾನ್ ಪದರ ಇರಬೇಕು. ನಾನು ಹಾಕಿದ್ದು ಆಯಿಲ್ ತಡೆಯುವ ನೈಟ್ರೈಲ್ ಹೋಸ್. ಎಲ್ಲೂ ಜೋತು ಬೀಳದ ಹಾಗೆ, ಟ್ಯಾಪೆಟ್ ಕವರ್ ಕಡೆಗೇ ಇಳಿಜಾರಾಗಿ ಬಿಟ್ಟೆ. ಮಧ್ಯೆ ತಗ್ಗಿದ್ದರೆ ನೀರು, ಆಯಿಲ್ ಅಲ್ಲೇ ನಿಂತು ದಾರಿ ಕಟ್ಟುತ್ತದೆ, ಚಳಿ ಜಾಸ್ತಿ ಇರುವ ಕಡೆ ಅದು ಹೆಪ್ಪುಗಟ್ಟಿಬಿಡುತ್ತದೆ.

"ಹಾಗಾದ್ರೆ ಕ್ಯಾಚ್ ಕ್ಯಾನ್ ಒಂದು ಹಾಕೋಣ್ವಾ ಅಣ್ಣಾ?" ಅಂತ ಮುಂದಿನ ಪ್ರಶ್ನೆ ಬಂತು. ಗ್ಯಾಸಿನಲ್ಲಿರುವ ಆಯಿಲ್ ಹನಿಗಳನ್ನು ಹಿಡಿದಿಡುವ ಡಬ್ಬಿ ಅದು. ಈ ಎಂಜಿನ್‌ಗೆ ಬೇಡ ಅಂದೆ. ಇಲ್ಲಿ ಇಂಜೆಕ್ಟರ್ ಪೋರ್ಟ್‌ನಲ್ಲಿದೆ, ಅಂದರೆ ಇಂಟೇಕ್ ವಾಲ್ವಿನ ಮುಂಚಿನ ದಾರಿಯಲ್ಲಿ, ಪೆಟ್ರೋಲೇ ಆ ವಾಲ್ವಿನ ಬೆನ್ನು ತೊಳೆಯುತ್ತಿರುತ್ತದೆ. ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೇ ಬೀಳುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಆ ತೊಳೆತ ಇಲ್ಲ, ಆಯಿಲ್ ಹಬೆ ಇಂಟೇಕ್ ವಾಲ್ವ್ ಮೇಲೆ ಸುಟ್ಟು ಕಾರ್ಬನ್ ಕಟ್ಟುತ್ತದೆ. ಅಂಥ ಕಡೆ ಪಿಸಿವಿ ವಾಲ್ವಿಗೂ ಮ್ಯಾನಿಫೋಲ್ಡಿಗೂ ನಡುವೆ ಕ್ಯಾಚ್ ಕ್ಯಾನ್ ಹಾಕುವುದಕ್ಕೆ ಅರ್ಥ ಇದೆ, ಆದರೆ ಪೂರ್ತಿ ಮುಚ್ಚಿದ ಕ್ಯಾನ್ ಆಗಿರಬೇಕು. ತಲೆ ಮೇಲೆ ಫಿಲ್ಟರ್ ಇರುವ ಕ್ಯಾನ್ ಅಂದರೆ ಮತ್ತೆ ಅದೇ ಕಳ್ಳ ಗಾಳಿ. ಆಗಾಗ ಖಾಲಿ ಮಾಡುವ ಅಭ್ಯಾಸವೂ ಬೇಕು.

ಟರ್ಬೋ ಕಾರು ಇರುವವರು ಇನ್ನೂ ಹುಷಾರಾಗಿರಬೇಕು. ಬೂಸ್ಟ್ ಬಂದಾಗ ಮ್ಯಾನಿಫೋಲ್ಡಿನಲ್ಲೇ ಒತ್ತಡ ಇರುವುದರಿಂದ ಆ ಕಡೆಯ ಚೆಕ್ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಗ ಗ್ಯಾಸ್ ಎಲ್ಲ ಬ್ರೀದರ್ ಹೋಸಿನಲ್ಲೇ ಬಂದು ಟರ್ಬೋ ಮುಂಚಿನ ಪೈಪ್ ಸೇರಬೇಕು, ಅಲ್ಲಿ ಟರ್ಬೋ ಎಳೆಯುವ ಎಳೆತವೇ ಕ್ರ್ಯಾಂಕ್‌ಕೇಸ್ ಖಾಲಿ ಮಾಡುತ್ತದೆ. ಅಲ್ಲಿ ಫಿಲ್ಟರ್ ಹಾಕಿ ಬಿಟ್ಟರೆ ಆ ಎಳೆತವೂ ಹೋಯಿತು. ಟರ್ಬೋ ಆದಮೇಲಿನ ಪೈಪಿಗಂತೂ ಈ ಹೋಸ್ ಕೊಡಲೇಬಾರದು, ಬೂಸ್ಟ್ ಪೂರ್ತಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ.

ಎಲ್ಲ ಕೂರಿಸಿ ಸ್ಟಾರ್ಟ್ ಮಾಡಿದೆ. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದು ಬಾಯಿ ಮೇಲೆ ತೆಳು ಕಾಗದ ಇಟ್ಟರೆ ಅದು ಮೆಲ್ಲಗೆ ಒಳಕ್ಕೆ ಎಳೆದು ಅಂಟಿಕೊಂಡಿತು. ಕಾಗದ ಹಾರಿಹೋಗಿದ್ದರೆ ಪಿಸಿವಿ ವಾಲ್ವ್ ಕಟ್ಟಿರಬೇಕು, ಇಲ್ಲಾ ರಿಂಗ್ ಸವೆದಿರಬೇಕು. ಮುಚ್ಚಳ ಹಾಕಿ ಟ್ರಿಮ್ ನೋಡಿದೆ. ಐಡ್ಲಿಂಗ್‌ನಲ್ಲಿ ಪ್ಲಸ್ 3, 2500ರಲ್ಲಿ ಪ್ಲಸ್ 2.

ಹಾಗೇ ಪಿಸಿವಿ ವಾಲ್ವನ್ನೂ ಕಿತ್ತು ನೋಡಿದೆ. ಅಲ್ಲಾಡಿಸಿದರೆ ಟಕಟಕ ಸದ್ದು ಬರುತ್ತಿದೆ, ಚೆನ್ನಾಗಿದೆ. ಆದರೆ ಅದು ಕೂರುವ ರಬ್ಬರ್ ಗ್ರಾಮೆಟ್ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಉಗುರಲ್ಲಿ ಒತ್ತಿದರೂ ತಗ್ಗುವುದಿಲ್ಲ, ಒಂದು ಕಡೆ ಕೂದಲೆಳೆಯಷ್ಟು ಸೀಳೂ ಇದೆ. ಅಲ್ಲಿಂದಲೂ ಗಾಳಿ ಒಳಗೆ ಹೋಗುತ್ತದೆ. ಹೊಸ ಗ್ರಾಮೆಟ್‌ಗೆ ಹೇಳಿದ್ದೇನೆ, ಬಂದಮೇಲೆ ಹಾಕಿ ಟ್ರಿಮ್ ಮತ್ತೊಮ್ಮೆ ನೋಡಿ ಇಲ್ಲೇ ಬರೆಯುತ್ತೇನೆ.