ಅವ್ವನ ಉದ್ಯೋಗ ಯಾವ ಕಾಲಮ್ಮಿನಾಗ ಬರೀಲಿ

ನಾನು ಧಾರವಾಡದ ಕರ್ನಾಟಕ ಯುನಿವರ್ಸಿಟಿಯೊಳಗ ಎಂಎ ಎಕನಾಮಿಕ್ಸ್ ಮಾಡಿದವಳು. ಊರು ಬ್ಯಾಡಗಿ ಹತ್ರ ಒಂದು ಹಳ್ಳಿ. ಅಪ್ಪ ಎಪಿಎಂಸಿಯೊಳಗ ಹಮಾಲಿ ಮಾಡ್ತಾರ, ಅವ್ವ ಸೀಜನ್ನಿನಾಗ ಮೆಣಸಿನಕಾಯಿ ತುಂಬು, ಅಂದ್ರ ತೊಟ್ಟು, ಬಿಡಸಾಕ ಹೋಗ್ತಾಳ, ಉಳಿದ ಟೈಮಿನಾಗ ಹೊಲದ ಕೂಲಿ. ಸೆಕೆಂಡ್ ಇಯರ್ ಪ್ರಾಜೆಕ್ಟಿಗೆ ಡೇಟಾ ಬೇಕಾಗಿ ಅವ್ವ ಕುಂತಿದ್ದ ಸಾಲಿನಾಗೇ ಪ್ರಶ್ನಾವಳಿ ಹಿಡಕೊಂಡು ಕುಂತಿದ್ದೆ, ಆ ದಿನದ ಬಗ್ಗೆ ಬರೀಬೇಕಂತ ಬಾಳ ದಿನದಿಂದ ಇತ್ತು.

ಸರ್ಕಾರಿ ಯುನಿವರ್ಸಿಟಿ, ಫೀ ಕಮ್ಮಿ, ನಿಮಗೇನ್ ತ್ರಾಸು ಅಂತ ಕೇಳೋರು ಅದಾರ. ಫೀ ಹೆಂಗೋ ಕಟ್ಟತೀವಿ, ಊಟ ಮತ್ತ ರೂಮು ನಡಸೋದೇ ಕಷ್ಟ. ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ ಲಿಸ್ಟಿನಾಗ ನನ್ನ ಹೆಸರು ಬರಲಿಲ್ಲ, ಹಾಸ್ಟೆಲ್ ಸಿಗದವರಿಗೆ ಊಟ ವಸತಿಗಂತ ಸರ್ಕಾರ ರೊಕ್ಕ ಕೊಡೋ ವಿದ್ಯಾಸಿರಿಗೆ ಹಾಕಿದೆ, ಅದು ಆವಾಗ ತಿಂಗಳಿಗೆ 1500 ರೂಪಾಯಿ, ವರ್ಷಕ್ಕ 10 ತಿಂಗಳು ಇತ್ತು. ಆದ್ರ ರೊಕ್ಕ ಬರೋದು ಎಲ್ಲಾ ಮುಗಿಯೋ ಹೊತ್ತಿಗೆ, ಸಪ್ತಾಪುರದ ರೂಮಿನ ಬಾಡಿಗಿ ಮಾತ್ರ ತಿಂಗಳಾ ತಿಂಗಳಾ ಕೇಳ್ತಾರ. ನಮ್ಮ ಸೋದರಮಾವ ಮುರುಘಾಮಠದ ಪ್ರಸಾದ ನಿಲಯದಾಗ ಉಂಡು ಬಿಎ ಮುಗಿಸಿದವ, ಆ ಊಟ ಇರದಿದ್ರ ನಾ ಸಾಲಿ ಬಿಡ್ತಿದ್ದೆ ಅಂತ ಈಗಲೂ ಹೇಳ್ತಾನ. ನಮ್ಮ ಕ್ಲಾಸಿನಾಗ ಒಬ್ಬ ಇದ್ದ, ಲಗ್ನದ ಸೀಜನ್ನಿನಾಗ ರಾತ್ರಿ ಕ್ಯಾಟರಿಂಗಿಗೆ ಬಡಸಾಕ ಹೋಗಿ ಬೆಳಿಗ್ಗೆ ಬಂದು ಹಿಂದಿನ ಬೆಂಚಿನಾಗ ತೂಕಡಸ್ತಿದ್ದ. ಇಂಟರ್ನಲ್ಸ್ ಮಾರ್ಕ್ಸ್ ಕಮ್ಮಿ ಬಂದ್ವು, ಹುಡುಗ ಸೀರಿಯಸ್ ಇಲ್ಲ ಅಂತ ಎಲ್ಲಾರೂ ಮಾತಾಡಿದ್ರು. ನನಗ ಇವತ್ತಿಗೂ ಅದು ಸಂಕಟ ಆಗತೇತಿ, ಅವನಷ್ಟು ಸೀರಿಯಸ್ ಇದ್ದವರನ್ನ ನಾ ಆ ಕ್ಲಾಸಿನಾಗ ನೋಡಿಲ್ಲ.

ಇರ್ಲಿ, ಪ್ರಾಜೆಕ್ಟಿಗೆ ಬರ್ತೀನಿ. ಸರ್ ಒಂದಿನ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಅವರ ಥಿಯರಿ ಹೇಳಾಕತ್ತಿದ್ರು, 1954ರಾಗ ಬರದಿದ್ದು. ಹೊಲದಾಗ ಬೇಕಾದ್ದಕ್ಕಿಂತ ಜಾಸ್ತಿ ಜನ ಇರ್ತಾರ, ಅವರು ಕಾರ್ಖಾನಿಗೆ ಬರ್ತಾನೇ ಇರ್ತಾರ, ಅದಕ್ಕ ಅಲ್ಲಿ ಕೂಲಿ ಬಾಳ ವರ್ಷ ಏರೋದಿಲ್ಲ ಅಂತ. ಪುಸ್ತಕ ಎಲ್ಲಾ ಇಂಗ್ಲಿಷಿನಾಗ, ನಾನು ಡಿಗ್ರಿ ತನಕ ಕನ್ನಡ ಮೀಡಿಯಂ, ಒಂದು ಪ್ಯಾರಾ ಓದಾಕ ಅರ್ಧ ತಾಸು ಹಿಡೀತಿತ್ತು. ರಾತ್ರಿ ಫೋನ್ ಹಚ್ಚಿ "ಯವ್ವಾ, ನಿಮಗ ಕೂಲಿ ಯಾಕ ಏರಸೋದಿಲ್ಲ ಬೇ" ಅಂದೆ. "ನಾ ಒಲ್ಲೆ ಅಂದ್ರ ಹಿಂದ ಹತ್ತು ಮಂದಿ ನಿಂತಿರ್ತಾರ, ಕೆಲಸ ಕೊಡಾಂವ ಯಾಕ ಏರಸ್ತಾನವಾ? ಆದ್ರ ಸಂಕ್ರಾಂತಿ ಆಗಲಿ, ಮಾಲು ಬಂದು ಬೀಳಲಿ, ಅವನೇ ಗಾಡಿ ತಗೊಂಡು ಮನಿ ಮುಂದ ಬರ್ತಾನ" ಅಂದ್ಲು.

ನಾ ಎರಡು ದಿವಸದಿಂದ ಡಿಕ್ಷನರಿ ಹಿಡಕೊಂಡು ಓದಾಕತ್ತಿದ್ದನ್ನ ಅವ್ವ ಒಂದ ಮಾತಿನಾಗ ಹೇಳಿ, ಸೀಜನ್ನಿನಾಗ ಲೆಕ್ಕ ಹೆಂಗ ಉಲ್ಟಾ ಆಗತೇತಿ ಅನ್ನೋದನ್ನೂ ಹೇಳಿಬಿಟ್ಟಿದ್ಲು. ಮರುದಿನ ಕ್ಲಾಸಿನಾಗ ಎದ್ದು ನಿಂತು ಹೇಳಿದೆ. ಸರ್ ಬರಿಯೋದು ನಿಲ್ಲಿಸಿ ಪೂರ್ತಿ ಕೇಳಿಸ್ಕೊಂಡು, ಇದನ್ನೇ ಪ್ರಾಜೆಕ್ಟ್ ಮಾಡು, ಹೋಗಿ ಕೇಳ್ಕೊಂಡು ಬಾ ಅಂದ್ರು.

ಸೋಮವಾರದ ಮಾರ್ಕೆಟ್ ಮುಗಿದ ಮರುದಿನ ಹೋದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್, ಅಂದ್ರ ಈ ಸೀಮಿದೇ ಬೆಳಿ ಅನ್ನೋ ಸರ್ಕಾರಿ ಗುರುತು, ಸಿಕ್ಕೇತಿ, ಡಬ್ಬಿ ಜಾತಿ ಕಾಯಿ ಎಷ್ಟಕ್ಕ ಹೋತು ಕಡ್ಡಿ ಜಾತಿ ಎಷ್ಟಕ್ಕ ಹೋತು ಪೇಪರಿನಾಗ ಬರತೇತಿ, ಆದ್ರ ತುಂಬು ಬಿಡಸೋರ ಕೂಲಿ ಎಷ್ಟಂತ ಯಾವ ಪೇಪರಿನಾಗೂ ನಾ ನೋಡಿಲ್ಲ. ಗೋಡೌನ್ ಮುಂದ ತಾಡಪತ್ರಿ ಹಾಸಿ ಹೆಣ್ಣುಮಕ್ಕಳು ಸಾಲಾಗಿ ಕುಂತಿದ್ರು, ಮುಖಕ್ಕ ಸೆರಗು ಬಿಗಿದು ಕಟ್ಟಿದ್ರೂ ಕೆಮ್ಮು ನಿಂದ್ರತಿರಲಿಲ್ಲ. ಕೂಲಿ ಕೆಜಿ ಲೆಕ್ಕ. ಚೊಲೋ ಒಣಗಿದ ಕಾಯಿ ಹಗುರ ಇರ್ತಾವ, ಒಂದು ಕೆಜಿಗೆ ಜಾಸ್ತಿ ಕಾಯಿ ಹಿಡೀತಾವ, ಅಂದ್ರ ಅಷ್ಟೇ ಕೂಲಿಗೆ ಜಾಸ್ತಿ ತುಂಬು ಮುರೀಬೇಕು. ಇದು ನನ್ನ ಪ್ರಶ್ನಾವಳಿಯೊಳಗ ಇದ್ದೇ ಇಲ್ಲ, ಬಾಜೂಕ ಕುಂತ ಒಬ್ಬ ಆಯಿ ಹೇಳಿದ್ಲು. ಅವ್ವನ ಹೆಬ್ಬೆಟ್ಟು ಮತ್ತ ತೋರುಬೆರಳಿನ ತುದಿ ಕೆಂಪಗ ಆಗಿ ಚರ್ಮ ಬಿರುಸಾಗಿತ್ತು. ನಾವು ಸಣ್ಣೋರಿದ್ದಾಗ ಸೀಜನ್ ಮುಗಿಯೋ ತನಕ ಅವ್ವ ನಮ್ಮ ಮುಖ ಮುಟ್ಟತಿರಲಿಲ್ಲ, ತಂಗಿ ಅತ್ರ ಕಣ್ಣು ಒರಸೋ ಕೆಲಸ ನಂದು.

ಅವ್ವನ ಸರತಿ ಬಂತು. ಹೆಸರು, ವಯಸ್ಸು, ಉದ್ಯೋಗ. "ಮನಿ ಕೆಲಸ ಅಂತ ಬರಿ" ಅಂದ್ಲು. ಇದೇನ್ ಬೇ ಮತ್ತ ಅಂದೆ, ಕೈ ನಿಲ್ಲಸದನ "ಇದು ನಾಕು ತಿಂಗಳು ನಡೀತೇತಿ ಅಷ್ಟವಾ, ಇದನ್ನೇನ್ ಉದ್ಯೋಗ ಅಂತಾರ" ಅಂದ್ಲು. ಆ ಸಾಲಿನಾಗ ಮುಕ್ಕಾಲು ಮಂದಿ ಹಂಗೇ ಹೇಳಿದ್ರು. ದೇಶದಾಗ ಎಷ್ಟು ಮಂದಿ ಕೆಲಸ ಮಾಡ್ತಾರ ಅಂತ ಲೆಕ್ಕ ಹಾಕೋ ಪಿಎಲ್‌ಎಫ್‌ಎಸ್ ಸರ್ವೇ 2017ರಿಂದ ನಡಿಯಾಕತ್ತೇತಿ, ಅದರೊಳಗ ವರ್ಷದ ಹೆಚ್ಚಿನ ಭಾಗ ಏನು ಮಾಡಿದ್ರಿ ಅನ್ನೋದರ ಮ್ಯಾಲ ಪ್ರಿನ್ಸಿಪಲ್ ಸ್ಟೇಟಸ್, 30 ದಿನಕ್ಕಿಂತ ಕಮ್ಮಿ ಇರದಂಗ ಮಾಡಿದ ಬ್ಯಾರೆ ಕೆಲಸಕ್ಕ ಸಬ್ಸಿಡಿಯರಿ ಸ್ಟೇಟಸ್. ಪರೀಕ್ಷಾಕ್ಕ ಇದನ್ನ ಬಾಯಿಪಾಠ ಮಾಡಿದ್ದೆ. ಮೊದಲನೇ ಪ್ರಶ್ನಾಕ್ಕೇ ಮನಿ ಕೆಲಸ ಅಂದುಬಿಟ್ರ, ಕೇಳೋರು ಮುಂದ ಬಿಡಿಸಿ ಬಿಡಿಸಿ ಕೇಳದಿದ್ರ, ನಸುಕಿನಾಗ ಎದ್ದು ರೊಟ್ಟಿ ಬಡದಿಟ್ಟು ಬಂದು ಸಂಜಿ ತನಕ ಇಲ್ಲಿ ಕುಂತಿರೋ ನಮ್ಮವ್ವ ಕೆಲಸ ಮಾಡೋರ ಲೆಕ್ಕದಾಗ ಬರೋದೇ ಇಲ್ಲ. ಅಲ್ಲೇ ಕುಂತು ಪ್ರಶ್ನಾ ಬದಲು ಮಾಡಿದೆ. ಉದ್ಯೋಗ ಅನ್ನೋದನ್ನ ತಗದು, ಮುಂಜಾನೆ ಎದ್ದಾಗಿಂದ ಮಲಗೋ ತನಕ ಏನೇನ್ ಮಾಡ್ತೀರಿ, ಯಾವ ತಿಂಗಳು ಎಲ್ಲಿ ಕೆಲಸಕ್ಕ ಹೋಗ್ತೀರಿ ಅಂತ ಕೇಳ್ತಾ ಹೋದೆ. ಹಾಳಿ ಸಾಲಲಿಲ್ಲ.

ವೈವಾದಾಗ ಆ ಭಾಗದ ಮ್ಯಾಲೇ ಬಾಳ ಹೊತ್ತು ಚರ್ಚೆ ಆತು, ಮಾರ್ಕ್ಸೂ ಚೊಲೋ ಬಿದ್ವು. ನಮ್ಮಂಥಾ ಮನಿಯಿಂದ ಬಂದ ಹುಡುಗರು ಯುನಿವರ್ಸಿಟಿಗೆ ಬರೇ ಕಲಿಯಾಕ ಅಷ್ಟೇ ಬಂದಿರೋದಿಲ್ಲ, ಅಲ್ಲಿ ಯಾರಿಗೂ ಗೊತ್ತಿರದ ಎಷ್ಟೋ ವಿಷಯ ನಮ್ಮ ಜೋಡಿ ಬಂದಿರ್ತಾವ, ಹೇಳಾಕ ಟೈಮು ಮತ್ತ ಧೈರ್ಯ ಕೊಡಬೇಕು. ನನಗ ಕೊಡೋ ಸರ್ ಸಿಕ್ರು. ಕ್ಯಾಟರಿಂಗ್ ಹುಡುಗಗ ಸಿಗಲಿಲ್ಲ.

ಹೋದ ತಿಂಗಳು ಗದಗ-ಬೆಟಗೇರಿಯ ಒಬ್ಬ ಜೂನಿಯರ್ ಫೋನ್ ಮಾಡಿದ್ಲು, ಅವರ ಮನ್ಯಾಗ ಮಗ್ಗ ಐತಿ, ಅಪ್ಪ ನೇಯ್ತಾರ, ಅವ್ವ ಕಂಡಿಕಿ, ಅಂದ್ರ ಮಗ್ಗಕ್ಕ ಹಾಕೋ ನೂಲಿನ ಉಂಡಿ, ಸುತ್ತತಾಳ. "ಅಕ್ಕಾ, ನಮ್ಮವ್ವನೂ ಮನಿ ಕೆಲಸ ಅಂತಾನೇ ಬರಸ್ತಾಳ್ರಿ" ಅಂದ್ಲು. ನನ್ನ ಬದಲು ಮಾಡಿದ ಪ್ರಶ್ನಾವಳಿ ಫೋಟೋ ಹೊಡದು ಕಳಿಸೀನಿ. ಕಂಡಿಕಿ ಸುತ್ತೋದಕ್ಕ ಬ್ಯಾರೆ ಕಾಲಂ ಹಾಕು, ದಿನಕ್ಕ ಎಷ್ಟು ತಾಸು ಅಂತನೂ ಕೇಳು ಅಂದೀನಿ.